ಊರಿಗಾಂನಿಂದ ಊರಿಗಾಂಗೆ, ಕಾರ್ನ್‌ವಾಲ್ ಮಾರ್ಗವಾಗಿ

ಬಂಗಾರಪೇಟೆ ಜಂಕ್ಷನ್

ವಿಲಾಯಿತಿಗೆ ಹೋಗಿಬಂದವರು ರಾಣಿಯ ಅರಮನೆ, ನದಿಯ ಮೇಲಿನ ಸೇತುವೆ, ಮಂಜು ಇವುಗಳ ಮಾತಾಡುತ್ತಾರೆ. ನಾನು ಹೋದದ್ದೂ ವಿಲಾಯಿತಿಗೇ. ಆದರೆ ಲಂಡನ್ನಿನಲ್ಲಿ ಇದ್ದದ್ದು ಒಂದೇ ದಿನ, ಅದೂ ಹಲ್ಲುನೋವಿನಲ್ಲಿ ಕಳೆಯಿತು. ಅರಮನೆಯ ಸಮಾಚಾರ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಬೇಕು. ನನ್ನ ಪ್ರವಾಸ ನಡೆದದ್ದು ಹೆಚ್ಚಾಗಿ ಒಂದು ಅಡುಗೆಮನೆಯಲ್ಲಿ.

ಕೋಲಾರದ ಚಿನ್ನದ ಗಣಿಗಳ ನಡುವಿನ ಊರಿಗಾಂನಲ್ಲಿ ಹೆಣ್ಣುಮಕ್ಕಳ ಆಶ್ರಮವೊಂದಿದೆ. ಗಣಿಯೊಳಗೆ ತಂದೆಯನ್ನು ಕಳೆದುಕೊಂಡವರು, ತಾಯಿ ತೀರಿಕೊಂಡವರು, ಹೆತ್ತವರೇ ಸಾಕಲಾಗದೆ ಬಿಟ್ಟುಹೋದವರು, ಎಲ್ಲ ಸೇರಿ ಆಗ ಹದಿನಾಲ್ಕು ಹುಡುಗಿಯರು. ನಾನು ಅಲ್ಲಿನ ಮೇಲ್ವಿಚಾರಕಿ. ಬಂಗಾರಪೇಟೆ ಪಕ್ಕದ ಹಳ್ಳಿಯವಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಟೀಚರ್ ಟ್ರೈನಿಂಗ್ ಮಾಡಿಕೊಂಡು ಬಂದು ಇಲ್ಲಿ ಸೇರಿದೆ. ಹೆಸರು ರುಕ್ಕಮ್ಮ. ಆದರೆ ಆಶ್ರಮದಲ್ಲಿ ಎಲ್ಲರಿಗೂ ನಾನು ಅಮ್ಮ.

ನಮ್ಮ ನಿಯಮ ಸರಳ. ಹದಿನೆಂಟು ತುಂಬಿದ ಹುಡುಗಿಗೆ ಎರಡು ಸೀರೆ, ಒಂದು ಕಂಬಳಿ, ಒಂದು ತಗಡಿನ ಪೆಟ್ಟಿಗೆ ಕೊಟ್ಟು, ಕೆಲಸಕ್ಕೋ ಓದಿಗೋ ಮದುವೆಗೋ ದಾರಿ ಮಾಡಿ ಕಳಿಸುವುದು. ಕಳಿಸಿದ ಮೇಲೆ ಒಂದು ವರ್ಷ ಅವಳು ಗೇಟಿನೊಳಗೆ ಕಾಲಿಡಕೂಡದು. ಈ ಕೊನೆಯ ಮಾತನ್ನು ಸೇರಿಸಿದವಳು ನಾನೇ. ಹಿಂದೆ ಒಬ್ಬಳು ರಾಬರ್ಟ್‌ಸನ್‌ಪೇಟೆಯ ಹೊಲಿಗೆ ಅಂಗಡಿಗೆ ಕೆಲಸಕ್ಕೆ ಸೇರಿ, ವಾರಕ್ಕೆ ಮೂರು ಸಲ ಓಡಿಬಂದು ಅಳುತ್ತ ಕೂತು, ಕೊನೆಗೆ ಕೆಲಸವನ್ನೇ ಬಿಟ್ಟಿದ್ದಳು. ಬಳ್ಳಿಯನ್ನು ಹಳೆಯ ಚಪ್ಪರದಿಂದ ಬಿಡಿಸಿದರೇ ಅದು ಹೊಸದಕ್ಕೆ ಹಬ್ಬುವುದು ಎಂದು ಆಶ್ರಮದ ಕಮಿಟಿಯ ಮುಂದೆ ವಾದಿಸಿ ಒಪ್ಪಿಸಿದ್ದೆ. ಮಾತಿನಲ್ಲಿ ನಾನು ಯಾವತ್ತೂ ಸೋತವಳಲ್ಲ.

ಈ ಆಶ್ರಮವನ್ನು ಶುರುಮಾಡಿದವಳು ಗಣಿಯೊಳಗಿನ ಕೆಲಸ ನೋಡಿಕೊಳ್ಳುವ ಕ್ಯಾಪ್ಟನ್ ಆಗಿದ್ದ ಒಬ್ಬ ಬಿಳಿಯ ದೊರೆಯ ಹೆಂಡತಿ. ನಮಗೆಲ್ಲ ಅವಳು ದೊರೆಸಾನಿ. ಗಣಿಗಳು ಸರ್ಕಾರದ ಕೈಗೆ ಬಂದ ಮೇಲೆ ಗಂಡ ಹೆಂಡತಿ ತಮ್ಮ ಕಾರ್ನ್‌ವಾಲ್ ಸೀಮೆಗೆ ಹಿಂತಿರುಗಿದ್ದರು. ಅಲ್ಲಿ ಅವಳು ದಿಕ್ಕಿಲ್ಲದ ಮಕ್ಕಳನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಸಾಕುತ್ತಿದ್ದಳು. ಅಲ್ಲಿಯ ಪದ್ಧತಿಯನ್ನು ಎರಡು ತಿಂಗಳು ಇದ್ದು ನೋಡಿಕೊಂಡು ಹೋಗು ಎಂದು ಕರೆಸಿಕೊಂಡದ್ದೂ ಅವಳೇ.

ಆಷಾಢದ ಒಂದು ಬೆಳಗ್ಗೆ ಬಂಗಾರಪೇಟೆ ಸ್ಟೇಷನ್ನಿಗೆ ನನ್ನನ್ನು ಕಳಿಸಲು ಬಂದವರು ಇಬ್ಬರು. ಒಬ್ಬಳು ಅಡುಗೆಯ ಗೌರಮ್ಮ, ಇನ್ನೊಬ್ಬಳು ರತ್ನ. ರತ್ನ ನಾಲ್ಕು ವರ್ಷದವಳಾಗಿ ನಮ್ಮಲ್ಲಿಗೆ ಬಂದು ಈಗ ಹದಿನೆಂಟು ಮುಗಿಸಿದವಳು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಮುಂದಿನ ವಾರ ಹಾಸ್ಟೆಲಿಗೆ ಹೊರಡಬೇಕು. ಅವಳು ಹೊರಡುವಾಗ ನಾನಿರುವುದಿಲ್ಲವೆಂದು ಆಶ್ರಮದಲ್ಲಿ ಬೀಳ್ಕೊಡುಗೆಯನ್ನು ಹಿಂದಿನ ದಿನವೇ ಮುಗಿಸಿದ್ದೆ. ಉಳಿದ ಹದಿಮೂರು ಜನರನ್ನು ಸಾಲಾಗಿ ನಿಲ್ಲಿಸಿ, ಹಾಡು ಹೇಳಿಸಿ, ಪೆಟ್ಟಿಗೆ ಅವಳ ಕೈಗೆ ಕೊಟ್ಟಿದ್ದೆ.

ಗಾಡಿ ಬರುವ ಹೊತ್ತಿಗೆ ಅವಳು ಕೇಳಿದಳು: "ಅಮ್ಮಾ, ದೀಪಾವಳಿಗೆ ಆಸ್ಟೆಲ್ಗೆ ಬೀಗ ಆಕ್ತಾರಂತೆ, ಎಂಟು ದಿನ. ಆವಾಗ ನಾನೆಲ್ಲಿಗೋಗ್ಲಿ?"

ಜೊತೆಯ ಹುಡುಗಿಯರಿರುತ್ತಾರಲ್ಲ, ಯಾರ ಮನೆಗಾದರೂ ಹೋದರಾಯಿತು, ಒಂದು ವರ್ಷ ಇತ್ತ ತಲೆ ಹಾಕಬೇಡ, ಎಲ್ಲ ನಿನ್ನ ಒಳ್ಳೆಯದಕ್ಕೇ ಎಂದೆ. ಅವಳು ತಲೆಯಾಡಿಸಿದಳು. "ಆಗ್ಲಮ್ಮಾ. ನಿಮ್ಮಿಂದ ತುಂಬಾ ಉಪಕಾರ ಆಯ್ತು. ಥ್ಯಾಂಕ್ಯೂ" ಎಂದಳು.

ನನಗೆ ಹಿಗ್ಗಾಯಿತು. ಕಲಿಸಿದ್ದು ಹುಸಿಯಾಗಲಿಲ್ಲವಲ್ಲ! ನಮ್ಮ ಆಶ್ರಮದಲ್ಲಿ ಮುದ್ದೆ ಹಾಕಿದರೆ ಥ್ಯಾಂಕ್ಯೂ, ಸಾರು ಬಿಟ್ಟರೆ ಥ್ಯಾಂಕ್ಯೂ, ತಲೆಗೆ ಎಣ್ಣೆ ಹಚ್ಚಿದರೆ ಥ್ಯಾಂಕ್ಯೂ. ದೊರೆಸಾನಿಯ ಕಾಲದಿಂದ ಬಂದ ಪದ್ಧತಿ ಅದು. ಅದನ್ನು ಒಂದು ದಿನವೂ ತಪ್ಪದಂತೆ ನಡೆಸಿದವಳು ನಾನು. ನೋಡಲು ಬಂದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಹಡಗುಕಟ್ಟೆ

ಹಡಗಿನ ವಿಷಯ ಹೆಚ್ಚು ಹೇಳಲಾರೆ. ಮೊದಲ ವಾರ ಮಲಗಿದ್ದೆ, ಎರಡನೆಯ ವಾರ ಸಾಯಬೇಕೆಂದಿದ್ದೆ, ಮೂರನೆಯ ವಾರ ಬೇಯಿಸಿದ ಎಲೆಕೋಸು ತಿಂದೆ. ಕೋಲಾರದವಳಿಗೆ ನೀರು ಎಂದರೆ ಕೆರೆ. ಅದೂ ಮೂರು ವರ್ಷಕ್ಕೊಮ್ಮೆ ತುಂಬುವ ಕೆರೆ. ಎತ್ತ ನೋಡಿದರೂ ನೀರೇ ಇರುವ ಜಾಗದಲ್ಲಿ ದೇವರು ಇಷ್ಟನ್ನು ಇಲ್ಲಿ ಸುರಿದು ನಮಗೆ ಯಾಕೆ ಕೈ ಬಿಗಿಹಿಡಿದ ಎಂದು ಸಿಟ್ಟು ಬಂತು.

ಇಳಿದ ಮೇಲೆ ಸುಂಕದವರ ಕಟ್ಟೆಯಲ್ಲಿ ನನ್ನ ರಾಗಿಹಿಟ್ಟಿನ ಡಬ್ಬಿ ಸಿಕ್ಕಿಬಿತ್ತು. ಅಧಿಕಾರಿ ಬೆರಳದ್ದಿ ಮೂಸಿದ, ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬನನ್ನು ಕರೆದ. ಇದು ಮುಖಕ್ಕೆ ಹಚ್ಚುವುದೋ, ಔಷಧಿಯೋ, ಗಿಡಕ್ಕೆ ಹಾಕುವ ಗೊಬ್ಬರವೋ ಎಂದು ಅವರಿಗೆ ಯೋಚನೆ. ಊಟ ಎಂದೆ. ನಂಬಲಿಲ್ಲ. ಆಮೇಲೆ ಗಾಳಿಯಲ್ಲೇ ಹಿಟ್ಟು ತೊಳಸಿ, ಉಂಡೆ ಕಟ್ಟಿ, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿ ತೋರಿಸಿದೆ. ಮೂವರೂ ನನ್ನನ್ನು ಬಹಳ ಕನಿಕರದಿಂದ ನೋಡಿ ಡಬ್ಬಿ ವಾಪಸು ಕೊಟ್ಟರು.

ಸಮುದ್ರದಾಚೆಯ ಊರಿಗಾಂ

ಕಾರ್ನ್‌ವಾಲ್ ಇಂಗ್ಲೆಂಡಿನ ಕೊನೆಯ ಮೂಲೆ. ಅಲ್ಲಿ ರೈಲಿಳಿದು ಬಸ್ಸು ಹತ್ತಿದೆ. ಕಂಡಕ್ಟರು ಅರವತ್ತರ ಸಮೀಪದ ದಪ್ಪ ಮನುಷ್ಯ. ಟಿಕೆಟ್ಟು ಹರಿದು ಕೊಡುತ್ತ "ಹಿಯರ್ ಯೂ ಆರ್, ಮೈ ಲವರ್" ಎಂದ. ನಾನು ಕೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟರಲ್ಲಿ ಅವನು ಹಿಂದಿನ ಸೀಟಿನ ಮುದುಕಿಗೂ ಅದನ್ನೇ ಅಂದ, ಎದುರಿನ ಪಾದ್ರಿಯ ಹೆಂಡತಿಗೂ ಅಂದ. ಆ ಸೀಮೆಯಲ್ಲಿ ಎಲ್ಲರನ್ನೂ ಕರೆಯುವುದೇ ಹಾಗಂತೆ, ನಮ್ಮಲ್ಲಿ ಅಕ್ಕ ಅಮ್ಮ ಎಂದ ಹಾಗೆ. ಇಳಿಯುವಾಗ ನನ್ನ ಚೀಲವನ್ನು ಅವನೇ ಇಳಿಸಿಕೊಟ್ಟ. ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ನಾಚಿಕೆಯಾಯಿತು.

ಇಳಿದು ಸುತ್ತ ನೋಡಿದರೆ ನಮ್ಮ ಮೈಸೂರು ಮೈನ್ಸ್ ಗಣಿಯ ಕಡೆಯ ಬಯಲಿನಲ್ಲೇ ನಿಂತ ಹಾಗಿತ್ತು. ಅವೇ ಗಣಿಯ ಚಿಮಣಿಗಳು, ಅವೇ ಬೂದು ಬಣ್ಣದ ಮಣ್ಣಿನ ಗುಡ್ಡೆಗಳು. ಒಂದೇ ವ್ಯತ್ಯಾಸವೆಂದರೆ ಅವರ ತವರದ ಗಣಿಗಳು ಹೆಚ್ಚಿನವು ಮುಚ್ಚಿಹೋಗಿ, ಚಿಮಣಿಗಳ ಮೇಲೆ ಕಾಗೆಗಳು ಗೂಡು ಕಟ್ಟಿದ್ದವು. ಬೀದಿಯ ಕೊನೆಯ ಮನೆಯ ಗೇಟಿಗೆ ಮರದ ಹಲಗೆಯೊಂದರಲ್ಲಿ ಮನೆಯ ಹೆಸರು ಬರೆದಿತ್ತು: ಊರಿಗಾಂ. ಇಷ್ಟು ಸಮುದ್ರ ದಾಟಿ ಬಂದು ಮತ್ತೆ ಊರಿಗಾಂನಲ್ಲೇ ಇಳಿದಿದ್ದೆ.

ಬಾಗಿಲು ತೆರೆದ ದೊರೆಸಾನಿಯ ಕೂದಲು ಪೂರ್ತಿ ನರೆತಿತ್ತು. "ಬಾ ರುಕ್ಕಮ್ಮಾ, ಒಳೀಕ್ ಬಾ. ಚಪ್ಪಲಿ ಆಚೆ ಬುಡು. ಕುಂತ್ಕೋ. ನೀರ್ ತಕ್ಕೋ" ಎಂದಳು. ಅವಳು ಕನ್ನಡ ಕಲಿತದ್ದು ತೋಟದ ಮಾಲಿಯಿಂದ, ಅದನ್ನು ಆಡಿದ್ದು ಆಳುಗಳ ಜೊತೆ. ಹಾಗಾಗಿ ಅವಳಿಗೆ ಬರುತ್ತಿದ್ದ ಕನ್ನಡವೆಲ್ಲ ಬರೀ ಅಪ್ಪಣೆಗಳೇ. ನಡುನಡುವೆ ಒಂದಿಷ್ಟು ತಮಿಳು ಬೇರೆ. ಆ ಅಪ್ಪಣೆಗಳನ್ನು ಕೇಳಿದ್ದೇ ಹಿಗ್ಗಿನಿಂದ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಮೂರು ವಾರದಿಂದ ಯಾರೂ ನನ್ನನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ.

ಮನೆಯಲ್ಲಿ ಆಗ ಇಬ್ಬರು ಪುಟ್ಟ ಮಕ್ಕಳಿದ್ದರು. ಆ ದೇಶದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಎಲ್ಲರನ್ನೂ ಒಂದೇ ಕಟ್ಟಡದಲ್ಲಿ ತುಂಬದೆ, ಎಷ್ಟೋ ಮಂದಿಯನ್ನು ಸಂಸಾರಸ್ಥರ ಮನೆಗಳಲ್ಲಿ ಬೆಳೆಯಲು ಬಿಡುತ್ತಾರೆ. ಊರಿನ ಆಡಳಿತ ನೋಡುವ ಕೌನ್ಸಿಲಿನ ಹೆಂಗಸೊಬ್ಬಳು ಬಂದು ಮಕ್ಕಳ ಹಾಸಿಗೆ ಮುಟ್ಟಿ ನೋಡಿ, ಕಾಲುಚೀಲ ಎಣಿಸಿ ಹೋಗುತ್ತಾಳೆ. ಹದಿನೆಂಟು ತುಂಬಿದ ಮೇಲೆ ಅವಳೂ ಬರುವುದಿಲ್ಲ. ನಮ್ಮ ಕಮಿಟಿಗೂ ಇವಳಿಗೂ ಅಂಥ ಭೇದವೇನೂ ಕಾಣಲಿಲ್ಲ. ಹದಿನೆಂಟರ ಲೆಕ್ಕವಂತೂ ಎರಡೂ ಕಡೆ ಒಂದೇ ಎಂದು ನನ್ನ ನೋಟುಪುಸ್ತಕದಲ್ಲಿ ಸಮಾಧಾನದಿಂದ ಬರೆದುಕೊಂಡೆ.

ಆ ಜನರ ಒಂದು ಅಭ್ಯಾಸ ಮಾತ್ರ ನನ್ನನ್ನು ಸುಸ್ತು ಮಾಡಿತು. ಎಲ್ಲಕ್ಕೂ ಅನುಮತಿ, ಎಲ್ಲಕ್ಕೂ ವಂದನೆ. ಪಕ್ಕದ ಮನೆಯವಳು ತಿಂಗಳಿಗೊಮ್ಮೆ ಚಹಾಕ್ಕೆ ಬರಬೇಕಾದರೂ ವಾರ ಮೊದಲೇ ಹೇಳಿ, ಬಂದು ಬಾಗಿಲು ತಟ್ಟಿ, ತೆರೆಯುವವರೆಗೆ ಮಳೆಯಲ್ಲಿ ನಿಲ್ಲುತ್ತಾಳೆ. ಕ್ಯಾಪ್ಟನ್ ದೊರೆ ಹೆಂಡತಿಗೆ ಉಪ್ಪಿನ ಬಟ್ಟಲು ಸರಿಸಿದರೂ ಅವಳು ಥ್ಯಾಂಕ್ಯೂ ಎನ್ನಬೇಕು, ಅದಕ್ಕೆ ಅವನೊಂದು ಮಾತು ಹೇಳಬೇಕು. ನಮ್ಮ ಹುಡುಗಿಯರು ಇಲ್ಲಿಗೆ ಬಂದರೆ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತಾರೆ ಎಂದುಕೊಂಡೆ.

ಶನಿವಾರ

ಮೊದಲ ಶನಿವಾರ ಮಧ್ಯಾಹ್ನ ಹಿತ್ತಲ ಬಾಗಿಲು ಧಡಾರನೆ ತೆರೆಯಿತು. ತಟ್ಟಿದ ಸದ್ದಿಲ್ಲ, ಕರೆದ ದನಿಯಿಲ್ಲ. ಕೆಂಚುಗೂದಲ ಹುಡುಗಿಯೊಬ್ಬಳು ಒಳನುಗ್ಗಿ, ಒದ್ದೆಯ ಕೋಟನ್ನು ಕುರ್ಚಿಯ ಮೇಲೆಸೆದು, ಒಂದು ಗಂಟು ಮಾಸಿದ ಬಟ್ಟೆಯನ್ನು ನೆಲಕ್ಕೆ ಕೆಡವಿ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು, ಇವತ್ತೂ ಇದೇನಾ ಎಂದು ಮುಖ ಸಿಂಡರಿಸಿದಳು. ದೊರೆಸಾನಿ ತಿರುಗಿಯೂ ನೋಡದೆ, ಕಾಲು ಒರೆಸಿಕೊಂಡು ಬಾ ಎಂದಳು.

ಇವಳು ಜೀನ್. ಒಂಬತ್ತನೇ ವಯಸ್ಸಿಗೆ ಈ ಮನೆಗೆ ಬಂದವಳು. ಹಿಂದಿನ ವರ್ಷ ಹದಿನೆಂಟಾಗಿ, ಈಗ ಹತ್ತಿರದ ಪಟ್ಟಣದಲ್ಲಿ ಬಾಡಿಗೆ ಕೋಣೆ ಹಿಡಿದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಂಗಡಿಯ ಯಜಮಾನಿಯನ್ನು ಬೈಯುತ್ತ ಎರಡು ತಟ್ಟೆ ತಿಂದಳು, ಕ್ಯಾಪ್ಟನ್ ದೊರೆಯ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದಳು, ಸಂಜೆ ಒಗೆದು ಮಡಿಸಿದ ಬಟ್ಟೆ ಎತ್ತಿಕೊಂಡು, ಮುಂದಿನ ವಾರ ಬೇರೇನಾದರೂ ಮಾಡು ಎಂದು ಹೇಳಿ ಹೊರಟಳು. ಇಡೀ ದಿನದಲ್ಲಿ ಒಂದು ಥ್ಯಾಂಕ್ಯೂ ಇಲ್ಲ.

ನನಗೆ ತಡೆಯಲಾಗಲಿಲ್ಲ. ಪಾತ್ರೆ ತೊಳೆಯುವಾಗ ಕೇಳಿಯೇಬಿಟ್ಟೆ. ಇವಳ ಹೆಸರು ಕೌನ್ಸಿಲಿನ ಪುಸ್ತಕದಿಂದ ಹೋಗಿದೆಯಲ್ಲ, ಮತ್ತೆ ಯಾಕೆ ಬರುತ್ತಾಳೆ? ಬಂದರೂ ಒಂದು ಥ್ಯಾಂಕ್ಯೂ ಹೇಳಬಾರದೇ? ನಮ್ಮ ಹುಡುಗಿಯರಿಗೆ ಕಲಿಸಿದವರು ನೀವು, ನಿಮ್ಮ ಮನೆಯಲ್ಲೇ ಹೀಗಾದರೆ ಹೇಗೆ?

ದೊರೆಸಾನಿ ಕೈ ಒರೆಸಿಕೊಂಡು ನನ್ನತ್ತ ತಿರುಗಿದಳು. "ನಿನ್ ಅಮ್ಮ ಮುದ್ದೆ ಆಕಿದ್ರೆ ನೀನ್ ಥ್ಯಾಂಕ್ಯೂ ಏಳಿದ್ಯಾ, ರುಕ್ಕಮ್ಮಾ?"

ಇಲ್ಲ. ಯಾರು ಹೇಳುತ್ತಾರೆ? ನಮ್ಮವ್ವ ಹಾಕಿದ ಮುದ್ದೆ ಗಟ್ಟಿಯಾಯಿತೆಂದು ತಟ್ಟೆ ತಳ್ಳಿ ಎದ್ದು ಹೋದದ್ದು ಬೇಕಾದಷ್ಟಿದೆ. ಥ್ಯಾಂಕ್ಯೂ ಎಂದಿದ್ದರೆ ಹುಡುಗಿಗೆ ಗಾಳಿ ಸೋಕಿದೆ ಎಂದು ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದಳು.

ಆಮೇಲಿನದನ್ನು ದೊರೆಸಾನಿ ಇಂಗ್ಲಿಷಿನಲ್ಲಿ ಹೇಳಿದಳು, ಅಪ್ಪಣೆಯ ಕನ್ನಡಕ್ಕೆ ಅದು ನಿಲುಕುವಂತಿರಲಿಲ್ಲ. ಆ ಥ್ಯಾಂಕ್ಯೂ ಅವಳು ಕಲಿಸಿದ್ದು ಕಮಿಟಿಯ ಹೆಂಗಸರು ಬರುವ ದಿನದ ಮಟ್ಟಿಗಂತೆ. ನಾನು ಅದನ್ನು ದಿನದ ಮೂರು ಹೊತ್ತಿಗೂ ಹಚ್ಚಿ ಇಷ್ಟು ವರ್ಷ ನಡೆಸಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಜೀನ್ ಕೂಡ ಬಂದ ಹೊಸದರಲ್ಲಿ ಒಂದೊಂದು ಆಲೂಗಡ್ಡೆಗೂ ಥ್ಯಾಂಕ್ಯೂ ಹೇಳುತ್ತಿದ್ದಳಂತೆ. ಹೇಳದಿದ್ದರೆ ಎಲ್ಲಿ ಕಳಿಸಿಬಿಡುತ್ತಾರೋ ಎಂಬ ಹೆದರಿಕೆ. ಎರಡು ವರ್ಷದ ಮೇಲೆ ಒಂದು ದಿನ ಅವಳು ತಟ್ಟೆ ತಳ್ಳಿ, ಇದು ಚೆನ್ನಾಗಿಲ್ಲ ಎಂದಳಂತೆ. ದೊರೆಸಾನಿ ಒಳಗೆ ಹೋಗಿ ಸಂತೋಷಕ್ಕೆ ಅತ್ತಳಂತೆ. ಹದಿನೆಂಟಾದಾಗ ಕೌನ್ಸಿಲಿನವಳು ಬಂದು ನಮ್ಮ ಕೆಲಸ ಮುಗಿಯಿತು ಎಂದಳಂತೆ. ನಿಮ್ಮದು ಮುಗಿಯಿತು, ನನ್ನದಲ್ಲ ಎಂದು ಇವಳು ಕಳಿಸಿಕೊಟ್ಟಳಂತೆ.

ನನ್ನ ಕೈಯಲ್ಲಿದ್ದ ತಟ್ಟೆಯನ್ನು ಎಷ್ಟು ಹೊತ್ತು ಒರೆಸಿದೆನೋ ತಿಳಿಯದು. ಬಂಗಾರಪೇಟೆಯ ಪ್ಲಾಟ್‌ಫಾರಂ ಕಣ್ಣ ಮುಂದೆ ಬಂತು. ಹದಿನಾಲ್ಕು ವರ್ಷ ನನ್ನ ಕೈಯಲ್ಲಿ ಉಂಡ ಹುಡುಗಿ, ಅಂಗಡಿಯವನಿಗೆ ಹೇಳುವ ಹಾಗೆ ಉಪಕಾರವಾಯಿತು ಎಂದಿದ್ದಳು. ಅದನ್ನು ಕೇಳಿ ನಾನು ಹಿಗ್ಗಿದ್ದೆ. ಅವಳು ಕೇಳಿದ್ದು ಎಂಟು ದಿನ ಇರಲು ಒಂದು ಮನೆ. ಅದಕ್ಕೆ ನಾನು ನಿಯಮ ಹೇಳಿದ್ದೆ. ಆ ಸಂಜೆ ನನ್ನ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಹೋಗಿಲ್ಲ.

ನೀಲಿ ಕಾಗದ

ಸೋಮವಾರ ಬೆಳಗ್ಗೆಯೇ ವಿಮಾನದಲ್ಲಿ ಹೋಗುವ ನೀಲಿ ಕಾಗದ ತಂದು ರತ್ನಳ ಹಾಸ್ಟೆಲಿಗೆ ಬರೆದೆ. ಒಂದು ವರ್ಷದ ನಿಯಮವನ್ನು ಮರೆತುಬಿಡು, ದೀಪಾವಳಿಗೆ ಊರಿಗಾಂಗೆ ಬಾ, ನಿನ್ನ ಮಂಚ ಇದ್ದಲ್ಲೇ ಇದೆ, ಗೌರಮ್ಮನಿಗೂ ಬರೆದಿದ್ದೇನೆ ಎಂದೆ. ಹಡಗು ಮುಟ್ಟುವ ದಿನದ ಲೆಕ್ಕ ಹಾಕಿ, ಹಬ್ಬದ ಹಿಂದಿನ ದಿನ ಮದರಾಸಿನ ಕಡೆಯಿಂದ ಬರುವ ಮಧ್ಯಾಹ್ನದ ಗಾಡಿಗೆ ಬಂಗಾರಪೇಟೆಯಲ್ಲಿ ನಾನೂ ಬಂದಿಳಿಯುತ್ತೇನೆ ಎಂದು ಸೇರಿಸಿದೆ.

ಗೌರಮ್ಮ ಯಾರಿಂದಲೋ ಬರೆಸಿ ಉತ್ತರ ಕಳಿಸಿದಳು. ರತ್ನಳಿಂದ ಏನೂ ಬರಲಿಲ್ಲ. ದಿನಾ ಬೆಳಗ್ಗೆ ಅಂಚೆಯವನು ಬರುವ ಹೊತ್ತಿಗೆ ನಾನು ಗೇಟಿನಲ್ಲಿ ನಿಲ್ಲುತ್ತಿದ್ದೆ. ಅವನೂ ನನ್ನನ್ನು ಮೈ ಲವರ್ ಎಂದು ಕರೆದು, ಇವತ್ತೂ ಇಲ್ಲ ಎಂದು ತಲೆಯಾಡಿಸುತ್ತಿದ್ದ. ಹುಡುಗಿಗೆ ಕಾಗದ ಮುಟ್ಟಲಿಲ್ಲವೋ, ಮುಟ್ಟಿಯೂ ಮನಸ್ಸು ಕಲ್ಲು ಮಾಡಿಕೊಂಡಳೋ, ಇದೂ ಒಂದು ಪರೀಕ್ಷೆಯಿರಬಹುದು ಎಂದುಕೊಂಡಳೋ? ತಟ್ಟೆಯಲ್ಲಿ ಮಿಠಾಯಿಯಿಟ್ಟು ಯಾರು ಕೇಳದೆ ಮುಟ್ಟುತ್ತಾರೆ ಎಂದು ಮರೆಯಲ್ಲಿ ನಿಂತು ನೋಡುತ್ತಿದ್ದವಳು ನಾನು. ನನ್ನ ಕಾಗದವನ್ನು ನಂಬದಿದ್ದರೆ ಅವಳದೇನು ತಪ್ಪು?

ಹಿಂತಿರುಗುವಾಗ ಸಮುದ್ರ ಶಾಂತವಾಗಿತ್ತಂತೆ. ನಾನು ನೋಡಲಿಲ್ಲ. ಬೀಗ ಹಾಕಿದ ಹಾಸ್ಟೆಲಿನ ಮುಂದೆ ಪೆಟ್ಟಿಗೆಯಿಟ್ಟುಕೊಂಡು ನಿಂತ ಹುಡುಗಿಯೇ ಕಣ್ಣಿಗೆ ಕಟ್ಟಿದ್ದಳು.

ಮತ್ತೆ ಬಂಗಾರಪೇಟೆ

ಬೊಂಬಾಯಿಯಲ್ಲಿ ಹಡಗಿಳಿದು, ರೈಲು ಬದಲಿಸಿ ಬದಲಿಸಿ, ಮದರಾಸಿನ ಕಡೆಯಿಂದ ಬಂದು, ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬಂಗಾರಪೇಟೆಯಲ್ಲಿ ಇಳಿದೆ. ಅಲ್ಲಿಂದ ಗಣಿಯ ಕಡೆಗೆ ಮಾರಿಕುಪ್ಪಂ ಗಾಡಿ ಹಿಡಿಯಬೇಕು. ಅದು ನಿಲ್ಲುವ ಕಡೆಗೆ ನಡೆದರೆ, ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ರತ್ನ ಕೂತಿದ್ದಳು. ಪಕ್ಕದಲ್ಲಿ ತಗಡಿನ ಪೆಟ್ಟಿಗೆ. ನನ್ನನ್ನು ಕಂಡು ಎದ್ದಳು, ಆದರೆ ಹತ್ತಿರ ಬರಲಿಲ್ಲ.

ಬುಟ್ಟಿಯಲ್ಲಿ ಕಡಲೆಕಾಯಿ ಮಾರುವ ಮುದುಕಿ ನನಗಿಂತ ಮೊದಲೇ ಬಾಯಿ ಬಿಟ್ಟಳು. "ಒತ್ತಾರೆಯಿಂದ ಕುಂತೈತೆ ಕಣಮ್ಮಾ ಈ ಮಗಾ. ಮಾರಿಕುಪ್ಪಂ ಗಾಡಿ ಮೂರು ಓದೋ. ಓಗು ಅಂದ್ರೆ ಕೇಳ್ಲಿಲ್ಲ."

ಕಾಗದ ಮುಟ್ಟಲಿಲ್ಲವೇ ಎಂದು ಕೇಳಿದೆ. ಮುಟ್ಟಿತು, ಓದಿದೆ ಎಂದಳು. ಮತ್ತೆ ಯಾಕೆ ಉತ್ತರ ಬರೆಯಲಿಲ್ಲ, ಇಲ್ಲಿಯವರೆಗೆ ಬಂದವಳು ಊರಿಗಾಂಗೆ ಯಾಕೆ ಹೋಗಲಿಲ್ಲ ಎಂದೆ. ಅವಳ ಮುಖ ಕೆಂಪಾಯಿತು. ಹದಿನಾಲ್ಕು ವರ್ಷದಲ್ಲಿ ಆ ಹುಡುಗಿ ನನ್ನೆದುರು ದನಿಯೆತ್ತಿದ್ದು ಅಂದೇ ಮೊದಲು.

"ಎಂಗೋಗ್ಲಿ? ಅಷ್ಟು ಜನದ ಮುಂದೆ ಗೇಟಾಚೆ ಕಳಿಸಿದೋರು ನೀವು. ಈಗ ನಾನೊಬ್ಳೇ ಪೆಟ್ಗೆ ಇಡ್ಕೊಂಡು ಓದ್ರೆ, ತಡೀಲಾರ್ದೆ ಓಡ್ಬಂದ್ಳು ಅಂತಾರೆ. ಆಚೆ ಓದ ಮಗಳ್ನ ಅಬ್ಬಕ್ಕೆ ಯಾರಾನ ಕಾಗ್ದ ಆಕಿ ಕರೀತಾರಾ ಅಮ್ಮಾ? ಮನೆಯೋರು ಬಂದು ಕರ್ಕೊಂಡೋಗ್ತಾರೆ. ಗೌರಮ್ಮನ ಮಗಳ್ನ ಕರೀಲಿಕ್ಕೆ ಅವ್ರಣ್ಣ ಮುಳಬಾಗಲ ತನಕ ಸೈಕಲ್ ತುಳ್ಕೊಂಡೋಗಿದ್ದ, ನೀವೇ ನೋಡಿದೀರ."

ನೋಡಿದ್ದೆ. ನೋಡುವುದೇನು, ನನ್ನ ಮದುವೆಯಾದ ಮೊದಲ ದೀಪಾವಳಿಗೆ ನಮ್ಮಣ್ಣ ಗಾಡಿ ಕಟ್ಟಿಕೊಂಡು ಬಂದು, ನನ್ನ ಅತ್ತೆಯ ಮುಂದೆ ಟವೆಲು ಹೆಗಲಿಂದಿಳಿಸಿ ನಿಂತು ನನ್ನನ್ನು ಕರೆದುಕೊಂಡು ಹೋಗಿದ್ದ. ನಮ್ಮ ಕಡೆ ಎಂಥ ಬಡವರ ಮನೆಯಲ್ಲೂ ಅಷ್ಟು ನಡೆಯುತ್ತದೆ. ಕೂಲಿ ಬಿಟ್ಟಾದರೂ ಒಬ್ಬರು ಹೋಗಿ ಮಗಳನ್ನು ಕರೆತರುತ್ತಾರೆ. ಕರೆಯಲು ಯಾರೂ ಬಾರದ ಹೆಣ್ಣಿಗೆ ತವರಿಲ್ಲ ಎಂದೇ ಲೆಕ್ಕ. ಇದು ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಅಂಚೆಚೀಟಿ ಹಚ್ಚಿ ಕೈತೊಳೆದುಕೊಂಡಿದ್ದೆ.

"ತಪ್ಪಾಯ್ತು ರತ್ನ" ಎಂದೆ.

"ಆಯ್ತು" ಎಂದಳು. ಅದಕ್ಕೆ ಕರಗಲಿಲ್ಲ. ನನ್ನ ಚೀಲವನ್ನು ಕೇಳದೆ ಕಿತ್ತುಕೊಂಡು, ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಹಿಡಿದು, ನಿಂತಿದ್ದ ಗಾಡಿ ಹತ್ತಿ ಕಿಟಕಿಯ ಪಕ್ಕದ ಜಾಗವನ್ನು ತಾನೇ ಹಿಡಿದಳು. ಗಾಡಿ ಹೊರಟರೂ ಬೈಗುಳ ನಿಲ್ಲಲಿಲ್ಲ. ಹಾಸ್ಟೆಲಿನ ಸಾರು ನೀರಂತೆ. ವಾರ್ಡಿನ ಸಿಸ್ಟರು ಕೈಲಾಗದವಳಂತೆ. ನಾನು ಆ ದೇಶಕ್ಕೆ ಹೋಗಿ ಏನು ತಿಂದೆನೋ, ಕಡ್ಡಿಯ ಹಾಗಾಗಿದ್ದೇನಂತೆ. ಈ ವಯಸ್ಸಿನಲ್ಲಿ ಯಾರು ಹೋಗು ಅಂದಿದ್ದರಂತೆ. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಇಷ್ಟು ಸುಖವಾಗಿ ನಾನು ಯಾರ ಬೈಗುಳವನ್ನೂ ತಿಂದಿರಲಿಲ್ಲ.

ಕೋರಮಂಡಲ್ ಸ್ಟೇಷನ್ ಹತ್ತಿರವಾದಾಗ ಅವಳು ಕಿಟಕಿಯಾಚೆ ನೋಡುತ್ತ ಹೇಳಿದಳು: "ಸಂಕ್ರಾಂತಿಗೂ ರಜ ಐತೆ, ನಾಕು ದಿನ. ಯಾರು ಬತ್ತಾರೆ ಕರೀಲಿಕ್ಕೆ?"

"ನಾನೇ ಬತ್ತೀನಿ ಕಣೆ" ಎಂದೆ.

ಎಷ್ಟು ಹೊತ್ತಿಗೆ ಎಂದು ಕೇಳಿದಳು. ಬೆಳಗಿನ ಮೊದಲ ಗಾಡಿಗೆ ಎಂದೆ. ಸ್ವಲ್ಪ ಹೊತ್ತಿಗೆ ನನ್ನ ಹೆಗಲ ಮೇಲೆ ಅವಳ ತಲೆ ಬಿತ್ತು. ಬೆಳಗಿನಿಂದ ಬೆಂಚಿನಲ್ಲಿ ಕೂತ ಹುಡುಗಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯತೊಡಗಿದಳು. ಊರಿಗಾಂ ಸ್ಟೇಷನ್ ಬಂತು. ಎಬ್ಬಿಸಲು ಕೈಯೆತ್ತಿದೆ, ಮನಸ್ಸು ಬರಲಿಲ್ಲ. ಕೊನೆಯ ಸ್ಟೇಷನ್ನಾದ ಮಾರಿಕುಪ್ಪಂವರೆಗೂ ಹೋಗಿ, ಅದೇ ಗಾಡಿ ತಿರುಗಿ ಹೊರಡುವ ತನಕ ಹಾಗೇ ಕೂತಿದ್ದೆ.